ಎದುರು ಮನೆಯ ಪಟ್ಟಿಯಲ್ಲಿ ಅಮ್ಮ

ನನಗೆ ಈ ಹುಚ್ಚು ಹಿಡಿಸಿದ್ದು ಆಫೀಸಿನ ಸ್ವೀಡಿಷ್ ಸಹೋದ್ಯೋಗಿ. ಫಿಕಾ ಎನ್ನುವ ಬಿಡುವಿನ ಹೊತ್ತಿನಲ್ಲಿ ಕಾಫಿ ಹೀರುತ್ತಾ, ಚರ್ಚಿನ ಹಳೆಯ ಪುಸ್ತಕಗಳಲ್ಲಿ ತನ್ನ ವಂಶದ ಹನ್ನೊಂದು ತಲೆಮಾರು ಸಿಕ್ಕಿತೆಂದು ಕೊಚ್ಚಿಕೊಂಡಳು. ನನಗೋ ಮುತ್ತಜ್ಜಿಯ ಹೆಸರೂ ಗೊತ್ತಿಲ್ಲ. ಮೈಯೆಲ್ಲ ಉರಿಯಿತು. ಅಂದೇ ಊರಿನಲ್ಲಿದ್ದ ಸೋದರಮಾವನ ಮಗನಿಗೆ ಈಮೇಲ್ ಬರೆದು ಪ್ರಾಣ ತಿಂದೆ.

ಪುಣ್ಯಾತ್ಮ ಎರಡು ಹಾಳೆ ಸ್ಕ್ಯಾನ್ ಮಾಡಿ ಕಳಿಸಿದ. ಒಂದು ಜನನ ನೋಂದಣಿಯ ನಕಲು: ನನ್ನಜ್ಜಿಗೆ ಹೆಣ್ಣು ಮಗು. ಇನ್ನೊಂದು, ಅದಾದ ಮೂರು ತಿಂಗಳಿಗೆ ಜನಗಣತಿಗೆಂದು ಶಾನುಭೋಗರು ಮನೆ ಮನೆ ತಿರುಗಿ ಬರೆದುಕೊಂಡಿದ್ದ ಪಟ್ಟಿ. ಅದರಲ್ಲಿ ಅಜ್ಜಿಯ ಮನೆಯಲ್ಲಿ ಮಗುವೇ ಇಲ್ಲ. ಎದುರು ಮನೆಯಲ್ಲಿ ಮೂರು ತಿಂಗಳ ಕೂಸೊಂದಿದೆ, ನನ್ನಮ್ಮನ ಹೆಸರಿನದು!

ಅಮ್ಮ ಆಗ ಸ್ವೀಡನ್ನಿನ ಸೊಲ್ಲೆಂಟುನಾದ ನಮ್ಮ ಮನೆಯಲ್ಲೇ ಇದ್ದಳು, ಇಲ್ಲಿನ ಶಿಶುವಿಹಾರ ಡಾಗಿಸ್‌ನಲ್ಲಿ ಜಾಗ ಸಿಗುವವರೆಗೆ ಮೊಮ್ಮಗಳನ್ನು ನೋಡಿಕೊಳ್ಳಲು. ಮಾತಿಗೊಮ್ಮೆ "ನಮ್ಮಮ್ಮ, ನಮ್ಮಮ್ಮ" ಎನ್ನುವವಳು. ಅಜ್ಜಿಯ ಕೂಸು ತೀರಿಹೋಗಿ, ಎದುರು ಮನೆಯದನ್ನು ತಂದು ಸಾಕಿದ್ದರೆ? ಆ ಅಮ್ಮನ ಮಗಳೇ ಅವಳಲ್ಲವೆಂದರೆ? ಹೇಳುವುದಾದರೂ ಹೇಗೆ? ಒಂದು ವಾರ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ರೈಲಿನಲ್ಲಿ ನನ್ನ ನಿಲ್ದಾಣ ದಾಟಿ ಹೋಗಿ, ಹಿಮದಲ್ಲಿ ನಿಂತು ವಾಪಸ್ ರೈಲಿಗೆ ಕಾದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅಮ್ಮನ ಮೂಗನ್ನು ಕದ್ದು ಕದ್ದು ನೋಡಿ ಅಜ್ಜಿಯ ಫೋಟೋಗೆ ಹೋಲಿಸಿದೆ.

ಶನಿವಾರ ಬೆಳಿಗ್ಗೆ ಅವಳೇ ಗದರಿದಳು. "ಏನೇ ಅದು, ವಾರದಿಂದ ನನ್ನ ಮುಖಾನೇ ನೋಡ್ತಿದ್ದೀಯ? ಬಾಯಿ ಬಿಡು."

ಎಲ್ಲ ಹೇಳಿದೆ. ಅಮ್ಮ ಬಿದ್ದು ಬಿದ್ದು ನಕ್ಕಳು. "ಅಯ್ಯೋ ಪೆದ್ದೇ! ನನ್ನ ಮಾರಿದ್ರು ಕಣೇ, ಒಂದು ಮೊರ ತೌಡಿಗೆ! ನನಗಿಂತ ಮುಂಚೆ ಮೂರು ಹುಟ್ಟಿ ಮೂರೂ ಹೋಗಿದ್ವು. ನಮ್ದು ಅಂದ್ರೆ ಉಳಿಯಲ್ಲ ಅಂತ ಎದುರು ಮನೆಯೋರಿಗೆ ಮಾರೋದು, ವರ್ಷ ತುಂಬಿದ ಮೇಲೆ ವಾಪಸ್ ಕೊಂಡ್ಕೊಳ್ಳೋದು. ಹಾಲು ಕುಡಿಸೋಕೆ ಅಮ್ಮಾನೇ ಅಲ್ಲಿಗೆ ಹೋಗ್ತಿದ್ಲಂತೆ. ಅಷ್ಟರಲ್ಲಿ ಬರ್ಕೊಳ್ಳೋರು ಬಂದಿರ್ತಾರೆ, ಅಷ್ಟೇ."

ಉಸ್ಸಪ್ಪಾ ಎನಿಸಿತು. ಅವಳು ಕಣ್ಣೊರೆಸಿಕೊಳ್ಳುತ್ತಲೇ "ಎಲ್ಲಿ, ತೋರ್ಸು" ಎಂದು ಕನ್ನಡಕ ಹಾಕಿಕೊಂಡು ಕಂಪ್ಯೂಟರಿನತ್ತ ಬಾಗಿದಳು. ಅಜ್ಜಿಯ ಹೆಸರಿನ ಮುಂದೆ ಬೆರಳಿಟ್ಟು ಓದಿದಳು: "ಮಕ್ಕಳು, ಇಲ್ಲ."

ನಗು ನಿಂತಿತು.

"ಅವರು ಬಂದು ಕೇಳಿದಾಗ ಮನೇಲಿ ಇದ್ದಿದ್ದು ಅಮ್ಮಾನೇ ಅಲ್ವೇನೇ?" ಎಂದಳು. "ನಾನು ಉಳೀಲಿ ಅಂತ, ಎದೇಲಿ ಹಾಲಿಟ್ಕೊಂಡು, ಮಕ್ಕಳಿಲ್ಲ ಅಂತ ಅವಳ ಬಾಯಿಂದಾನೇ ಹೇಳಿದ್ದಾಳೆ."