ಅಡ್ಜಸ್ಟ್ ಮಾಡ್ಕೋ, ಯವ್ವಾ

ಮುಂಬಯಿ ಹತ್ತಿರದ ಕಳವಾ ಊರಿನ ನಮ್ಮ ಆ ಒಂದೇ ಖೋಲಿಯ ಮನೆಯಲ್ಲಿ ಆಗ ಎಷ್ಟು ಜನ ಇದ್ದೆವೋ, ನನಗೇ ಲೆಕ್ಕ ಸಿಗುತ್ತಿರಲಿಲ್ಲ. ಕಲಬುರಗಿ ಕಡೆಯಿಂದ ಕೆಲಸ ಹುಡುಕಿ ಬಂದ ನಮ್ಮೂರಿನವರು ಬೇರೆ ಖೋಲಿ ಸಿಗುವ ತನಕ ನಮ್ಮಲ್ಲೇ ಇಳಿಯಬೇಕು, ಅದು ಅಪ್ಪನ ಪದ್ಧತಿ. ನಾನು ಸಿಡುಕಿದರೆ ಅವ್ವನದು ಒಂದೇ ಮಾತು: "ಸ್ವಲ್ಪ ಅಡ್ಜಸ್ಟ್ ಮಾಡ್ಕೋ, ಯವ್ವಾ." ಸಹಿ ಹಾಕಲೂ ಬಾರದ ಅವ್ವನಿಗೆ ಇಂಗ್ಲಿಷಿನ ಆ ಹಾಳು ಶಬ್ದ ಎಲ್ಲಿಂದ ಸಿಕ್ಕಿತ್ತೋ! ಚಹಾಕ್ಕೆ ಸಕ್ಕರೆ ಇಲ್ಲವೇ, ಅಡ್ಜಸ್ಟ್. ಫ್ಯಾನಿನ ಗಾಳಿ ಬರುವುದಿಲ್ಲವೇ, ಅಡ್ಜಸ್ಟ್. ಲೋಕಲ್ ಟ್ರೇನಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರು ತುರುಕಿಕೊಂಡು ಕೂತರೂ ಅದೇ.

ಏಳನೇ ಇಯತ್ತೆಯಲ್ಲಿ ಇಂಗ್ಲಿಷ್ ಟೀಚರ್ ಒಂದು ಕೆಲಸ ಕೊಟ್ಟರು. ದಿನಬಳಕೆಯ ಒಂದು ಶಬ್ದ ಆರಿಸಿ, ಅದರ ಅರ್ಥ, ಬಳಕೆ, ಬರೆಯುವಾಗ ಜನ ಮಾಡುವ ತಪ್ಪು, ಎಲ್ಲ ಚಾರ್ಟ್ ಪೇಪರಿನ ಮೇಲೆ ಬರೆಯಬೇಕು. ಚೆನ್ನಾಗಿ ಬರೆದವರು ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಸ್ಟೇಜಿನ ಮೇಲೆ ಓದಬೇಕು. ಸ್ಟೇಜ್ ಹತ್ತಬೇಕೆಂದು ನನಗೆ ಎಷ್ಟು ಆಸೆ! ಸಿಟ್ಟಿನಿಂದಲೇ ಅಡ್ಜಸ್ಟ್ ಆರಿಸಿದೆ. ಸರಿಹೊಂದಿಸುವುದು, ಹೊಂದಿಕೊಳ್ಳುವುದು ಎಂದು ಅರ್ಥ ಬರೆದೆ. ನಡುವಿನ ಡಿ ಬಿಟ್ಟುಬಿಡುತ್ತಾರೆ, ಜೆ ಬದಲು ಜಿ ಹಾಕುತ್ತಾರೆ ಎಂದು ಕೆಂಪು ಸ್ಕೆಚ್ ಪೆನ್ನಿನಲ್ಲಿ ತೋರಿಸಿದೆ. ನೆಲ ಖಾಲಿಯಾದಾಗಲೆಲ್ಲ ಬೋರಲು ಮಲಗಿ ಮೂರು ದಿನ ಬರೆದಿದ್ದೆ.

ಭಾನುವಾರ ಮಧ್ಯಾಹ್ನ ನೀರು ತುಂಬಿಕೊಂಡು ಬಂದರೆ, ಆಗ ನಮ್ಮಲ್ಲಿ ಇಳಿದಿದ್ದ ಊರಿನ ಸಂಗಪ್ಪ ಕಾಕಾ ಮತ್ತು ಅವನ ಜೊತೆ ಬಂದಿದ್ದ ಇಬ್ಬರು ನನ್ನ ಚಾರ್ಟನ್ನು ಬೋರಲು ಹಾಸಿಕೊಂಡು ಊಟಕ್ಕೆ ಕೂತಿದ್ದಾರೆ! ಅದರ ಮೇಲೆ ಜೋಳದ ರೊಟ್ಟಿ, ಉಳ್ಳಾಗಡ್ಡಿ, ಎಣ್ಣೆ ಸುರಿದ ಶೇಂಗಾ ಚಟ್ನಿ.

"ಬಿಳೀ ಹಾಳಿ ಛಲೋ ಅದ ಅಂತ ಹಾಸೀವಿ. ಬಾರವ್ವಾ, ಉಣ್ಣು," ಎಂದ ಕಾಕಾ.

"ನನ್ನ ಚಾರ್ಟ್ ಅದು! ನಾಳೆ ಕೊಡೋದದ! ಕಣ್ಣು ಕಾಣಂಗಿಲ್ಲೇನು ನಿಮಗ?"

ಅವ್ವ ಒಲೆಯ ಹತ್ತಿರದಿಂದಲೇ, "ಹಿಂದ ಎಣ್ಣಿ ಹತ್ತ್ಯದ ಅಷ್ಟೇ, ಅಡ್ಜಸ್ಟ್..." ಎಂದಳು.

"ಆ ಮಾತು ಇನ್ನೊಮ್ಮಿ ಅಂದ್ರ ನಾ ಉಣ್ಣಂಗೇ ಇಲ್ಲ!"

ಕಾಕಾ ಕೈಯಲ್ಲಿದ್ದ ತುತ್ತು ಕೆಳಗಿಟ್ಟು ಎದ್ದು ಹೋದ. ಎರಡು ಹೊಸ ಚಾರ್ಟ್ ತಂದ. "ಒಂದು ತಪ್ಪಿದ್ರ ಇನ್ನೊಂದು ಇರಲಿ," ಎಂದು ನನ್ನ ಮುಂದಿಟ್ಟು, ಉಳಿದವರನ್ನೂ ಎಬ್ಬಿಸಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತ. ಸಂಜೆಯ ತನಕ ಒಬ್ಬರೂ ಒಳಗೆ ಬರಲಿಲ್ಲ. ನಾನು ಇಡೀ ಖೋಲಿಯಲ್ಲಿ ಕೈಕಾಲು ಚಾಚಿ ಬರೆದೆ. ಗ್ಯಾದರಿಂಗಿನಲ್ಲಿ ಓದಿಯೂ ಓದಿದೆ. ಕಾಕಾನಿಗೆ ಮಾತ್ರ ಒಂದು ಒಳ್ಳೆಯ ಮಾತು ಆಡಲಿಲ್ಲ. ಅದೇ ವಾರ ಅವನು ಮುಂಬ್ರಾದಲ್ಲಿ ಖೋಲಿ ನೋಡಿಕೊಂಡು ಹೋದ. ಪೀಡೆ ತೊಲಗಿತು ಅಂದುಕೊಂಡೆ.

ಈಗ ಠಾಕುರ್ಲಿಯಲ್ಲಿ ನನ್ನದೇ ಮನೆ. ಮಗಳಿಗೆ ಬೇರೆ ಕೋಣೆ, ಮೇಜು, ಮುಚ್ಚಿಕೊಳ್ಳಲು ಬಾಗಿಲು. ಕೆಲಸ ಬಿಟ್ಟು ಎಂದೋ ಊರು ಸೇರಿದ್ದ ಕಾಕಾ ಕಣ್ಣಿನ ಆಪರೇಶನ್ನಿಗೆ ಇಲ್ಲೇ ಹತ್ತಿರದ ಠಾಣೆ ಶಹರಕ್ಕೆ ಬಂದು, ನಾಲ್ಕು ದಿನ ಲಾಡ್ಜಿನಲ್ಲಿದ್ದು ಹೋದನೆಂದು ಹೋದ ತಿಂಗಳು ಗೊತ್ತಾಯಿತು. ಸಿಟ್ಟು ತಡೆಯಲಾರದೆ ಫೋನ್ ಮಾಡಿದೆ.

"ನಮ್ಮ ಮನಿ ಇರಲಿಲ್ಲೇನು ಕಾಕಾ?"

"ನಿನ್ನ ಮಗಳು ಓದಾಕಿ. ಸುಮ್ನ ನಿಮಗ್ಯಾಕ ತ್ರಾಸು ಅಂದೆ, ಯವ್ವಾ."

"ಅಡ್ಜಸ್ಟ್ ಮಾಡ್ಕೋತಿದ್ವಿ ಕಾಕಾ!" ಎಂದು ಕಿರುಚಿದೆ.

ಈ ಮನೆಗೆ ಬಂದು ಎಂಟು ವರ್ಷವಾಯಿತು. ನಮ್ಮೂರಿನವರು ಒಬ್ಬರೂ ಇಲ್ಲಿ ಇನ್ನೂ ಚಾದರ ಹಾಸಿಲ್ಲ.