ಸೋಮವಾರ ಒಪ್ಪತ್ತು ಮಾಡುವ ನಾಯಿ

ಅಡಿಗೆಮನೆಯಿಂದ ಕುಂಬಳಕಾಯಿ, ಹೆಸರುಬೇಳೆ ಬೇಯುವ ಘಮ ಬಂತು. ತಾಟು ತೊಳೆದುಕೊಂಡು ಹೋಗಿ ನಿಂತೆ.

"ಅತ್ತೀ, ಅದು ನಿಮಗಲ್ರೀ, ಬ್ರೂನೋಂದು," ಅಂದಳು ಸೊಸೆ. "ನಿಮಗ ಮುಂಜಾನಿ ಉಪ್ಪಿಟ್ಟು ಉಳದೈತಿ ನೋಡ್ರಿ."

ಬ್ರೂನೋ ಅಂದರೆ ನಮ್ಮ ಮನೆಯ ನಾಯಿಮರಿ. ಲ್ಯಾಬ್ರಡಾರ್ ಅಂತೆ. ನನಗೆ ತಣ್ಣನೆ ಉಪ್ಪಿಟ್ಟು, ಅದಕ್ಕೆ ಬಿಸಿ ಊಟ. ಇರಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. (ಸ್ವಲ್ಪ ಇದೆ.)

ಹೋಮ್‌ಮೇಡ್ ಡಾಗ್ ಫುಡ್ ಮಾಡೋದನ್ನು ಸೊಸೆ ಮೊಬೈಲ್ ನೋಡಿ ಕಲಿತಿದ್ದಾಳೆ. ಉಪ್ಪಿಲ್ಲ, ಖಾರವಿಲ್ಲ, ಉಳ್ಳಾಗಡ್ಡಿ ಇಲ್ಲ. ಗಜ್ಜರಿ ಹೆರೆದು, ಅನ್ನ ಕಿವುಚಿ, ಮಿಕ್ಸಿಗೆ ಹಾಕಿ, ಬಟ್ಟಲಿಗೆ ಸುರಿದು ಮೊದಲು ವಿಡಿಯೋ ತೆಗೆಯುತ್ತಾಳೆ. ಆಮೇಲೆ ನಾಯಿ ತಿನ್ನಬೇಕು.

ಮೊಬೈಲಿನಾಕೆ ಹೇಳಿದ್ದರಲ್ಲಿ ಸೊಸೆ ಒಂದೇ ಒಂದು ಸಾಮಾನು ಬಿಟ್ಟಿದ್ದಳು. ಕೋಳಿ. ಅದರ ಜಾಗಕ್ಕೆ ಇನ್ನಷ್ಟು ಕುಂಬಳಕಾಯಿ!

ಯಾಕಂದರೆ ನಮ್ಮದು ಬಸವಣ್ಣನ ಹಾದಿಯ ಮನೆ. ಮಾಂಸದ ಮಾತು ಬಿಡಿ, ತತ್ತಿ ಕೂಡ ಹೊಸ್ತಿಲು ದಾಟಿಲ್ಲ. ಒಳ್ಳೆಯದೇ. ಆದರೆ ನಾಯಿಗೆ ದೀಕ್ಷೆ ಕೊಟ್ಟವರು ಯಾರು?

ನನ್ನ ಮಗನಿಗೆ ಇದೇ ದೊಡ್ಡ ಹೆಮ್ಮೆ. ಬಂದವರ ಮುಂದೆಲ್ಲ, "ನಮ್ಮ ಬ್ರೂನೋ ಪಕ್ಕಾ ವೆಜ್ ನೋಡ್ರಿ. ಸೋಮವಾರ ನಮ್ಮ ಜೋಡಿ ಒಪ್ಪತ್ತನೂ ಮಾಡ್ತಾನ," ಅನ್ನುತ್ತಾನೆ. ಬಂದವರು ಚಹಾ ಹೀರುತ್ತ, "ಹೋದ ಜನ್ಮದಾಗ ದೊಡ್ಡ ಶರಣ ಇದ್ದಿರಬೇಕ ಬಿಡ್ರಿ," ಅನ್ನುತ್ತಾರೆ. ಹಣೆಗೆ ವಿಭೂತಿ ಹಚ್ಚಿ ಫೋಟೋ ಬೇರೆ.

ಅಲ್ಲರೀ, ಕಟ್ಟಿಹಾಕಿದ ಪ್ರಾಣಿ. ಹಾಕಿದರೆ ತಿನ್ನುತ್ತದೆ, ಹಾಕದಿದ್ದರೆ ಖಾಲಿ ಬಟ್ಟಲು ನೆಕ್ಕುತ್ತದೆ. ಅದಕ್ಕೆ ವ್ರತ ಅಂತಾರೇನು?

ಇನ್ನು ಈ ಮಗ. ಊರ ಹೊರಗೆ ಮಚ್ಛೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಸಂಜೆ ಅಲ್ಲೇ ಗಾಡಿಯ ಮುಂದೆ ನಿಂತು ಎಗ್ ರೈಸ್ ತಿಂದು, ಬಾಯಿತುಂಬ ಬಡೇಸೋಪು ಹಾಕಿಕೊಂಡು ಮನೆಗೆ ಬರುತ್ತಾನೆ. (ಎಲ್ಲರಿಗೂ ಗೊತ್ತು. ಯಾರೂ ಮಾತಾಡೋದಿಲ್ಲ.)

ಬೀಡಿ ಅನ್ನೋ ಹಳ್ಳಿಯ ನನ್ನ ತವರಿನಲ್ಲೂ ನಾಯಿ ಇತ್ತು. ನಾವು ಹಾಕುತ್ತಿದ್ದದ್ದು ರೊಟ್ಟಿ, ಮಜ್ಜಿಗೆ. ಉಳಿದದ್ದನ್ನು ಹೊಲದಲ್ಲಿ ಹೆಗ್ಗಣ ಹಿಡಿದು ಅದೇ ನೋಡಿಕೊಳ್ಳುತ್ತಿತ್ತು. ನಾವು ಕೇಳುತ್ತಿರಲಿಲ್ಲ, ಅದು ಹೇಳುತ್ತಿರಲಿಲ್ಲ. ಬೆಳಗಾವಿಯ ಸದಾಶಿವನಗರದಲ್ಲಿ ನಮ್ಮ ಗೇಟಿನೊಳಗೆ ಕಟ್ಟಿದ ನಾಯಿ ಹೆಗ್ಗಣ ಎಲ್ಲಿಂದ ತರಬೇಕು?

ಕಳೆದ ವಾರ ಬ್ರೂನೋ ಏಳಲಿಲ್ಲ. ಮುಂದಿನ ಕಾಲು ಊರುತ್ತದೆ, ಹಿಂದಿನವು ನಡುಗಿ ಕುಸಿಯುತ್ತವೆ. ಕಾರಿನಲ್ಲಿ ಹಾಕಿಕೊಂಡು ಓಡಿದೆವು.

ದನದ ಡಾಕ್ಟರು ಕಾಲು ಹಿಸುಕಿ ನೋಡಿ, ಏನು ಹಾಕ್ತೀರಿ ಅಂತ ಕೇಳಿದರು. ಸೊಸೆ ವಿಡಿಯೋ ತೋರಿಸಿದಳು.

"ವಿಡಿಯೋ ಚಲೋ ಐತಿ ತಂಗಿ. ತತ್ತಿ, ಕೋಳಿ ಏನರೆ ಹಾಕ್ತೀರೇನು?"

"ನಾವು ಅದನ್ನೆಲ್ಲಾ ಮುಟ್ಟೂದಿಲ್ರೀ ಸರ್."

"ಹಂಗಿದ್ರ ಮೊಲಾ ಸಾಕಬೇಕಿತ್ತು!" ಅಂದರು ಡಾಕ್ಟರು. "ಬೆಳಿಯೂ ಮರಿ ಇದು. ಹೊಟ್ಟಿ ತುಂಬೈತಿ, ಮೈಗೆ ಏನೂ ಹತ್ತಿಲ್ಲ. ಹಿಂಗ ನಡಸಿದ್ರ ಕಾಲ ಹೋಗ್ತಾವ. ಆಮ್ಯಾಲೆ ಬಂದು ಅಳಬ್ಯಾಡ್ರಿ."

ಸೊಸೆ ಆಗಲೇ ಅಳುತ್ತಿದ್ದಳು. ಅತ್ತರೆ ಕಾಲಿಗೆ ಬಲ ಬರುತ್ತದೆಯೇ?

ಮನೆಗೆ ಬರುವ ದಾರಿಯಲ್ಲಿ ಮಗ ಒಂದು ಉಪಾಯ ತೆಗೆದ. "ಯವ್ವಾ, ಬೀಡಿಗೆ ಬಿಟ್ಟ ಬರೂಣೇನು? ಖಾನಾಪುರ ದಾಟಿದ್ರ ಬಂದೇ ಬಿಡ್ತದ. ಅಲ್ಲಿ ತನಗ ಬೇಕಾದ್ದು ತಿಂದಕೊಂಡ ಇರ್ತದ."

ಎದ್ದು ನಿಲ್ಲಲಾರದ ನಾಯಿ ಬೀಡಿಗೆ ಹೋಗಿ ಹೆಗ್ಗಣ ಹಿಡಿಯುತ್ತದಂತೆ! ಅಲ್ಲಿಯ ಓಣಿಯ ನಾಯಿಗಳು ಇದನ್ನು ಆರತಿ ಎತ್ತಿ ಕರೆದುಕೊಳ್ಳುತ್ತವೆಯೇ? ಅಂದರೆ ಸಾಯಲಿ, ಆದರೆ ನಮ್ಮ ಕಣ್ಣಿಗೆ ಬೀಳದಂತೆ ಸಾಯಲಿ. ಮನೆಯ ಮಡಿ ಕೆಡಬಾರದು. ಬೆಳಗಾವಿಯಲ್ಲಿ ಓದು ಕಲಿತ ಗಂಡಸಿನ ತಲೆಗೆ ಹೊಳೆದದ್ದು ಇಷ್ಟು.

ನಾನು ಸಾಲಿ ಹತ್ತಿದ್ದು ನಾಲ್ಕನೇ ಇಯತ್ತೆ ತನಕ. ಮರುದಿನ ಮುಂಜಾನೆ ಮೂಲೆಯ ಅಂಗಡಿಗೆ ಹೋಗಿ, "ತತ್ತಿ ಕೊಡೋ," ಅಂದೆ. ಅಂಗಡಿಯವ ನನ್ನ ಹಣೆಯ ವಿಭೂತಿ ನೋಡಿದ. ಏನೂ ಕೇಳದೆ ಪೇಪರಿನಲ್ಲಿ ಸುತ್ತಿ, ಮೇಲೊಂದು ಕರಿ ಚೀಲಕ್ಕೆ ಹಾಕಿ ಕೊಟ್ಟ. (ಕೈ ಪಳಗಿತ್ತು. ನಮ್ಮ ಓಣಿಯವರಿಗೆಲ್ಲ ಹೀಗೇ ಕೊಡುತ್ತಾನೇನೋ!)

ಹಿತ್ತಲಲ್ಲಿ ಇಟ್ಟಿಗೆ ಹೂಡಿ, ಹಳೆಯ ಬೋಗುಣಿಯಲ್ಲಿ ಕುದಿಸಿದೆ. ಹುಟ್ಟಿದಾಗಿನಿಂದ ತತ್ತಿ ಸುಲಿದವಳಲ್ಲ. ಸಿಪ್ಪೆಯ ಜೊತೆ ಅರ್ಧ ಬಿಳಿಯೂ ಕಿತ್ತು ಬಂತು. ವಾಸನೆಗೆ ಮುಖ ಆ ಕಡೆ ಮಾಡಿಕೊಂಡೇ ಸುಲಿದೆ.

ಬ್ರೂನೋ ಮೂಗೆತ್ತಿತು. ಹಿಂದಿನ ಕಾಲು ಎಳೆದುಕೊಂಡು ಬಂತು. ನುಂಗಿದ ಮೇಲೆ ಬಟ್ಟಲು ನೆಕ್ಕಿತು, ನನ್ನ ಬೆರಳೂ ನೆಕ್ಕಿತು. ಪ್ರೀತಿಗಲ್ಲ, ತತ್ತಿಗೆ. ಅಷ್ಟು ನನಗೂ ತಿಳಿಯುತ್ತದೆ.

ಅಷ್ಟರಲ್ಲಿ ಮಗ ಟವೆಲ್ ಸುತ್ತಿಕೊಂಡು ಹೊರಗೆ ಬಂದ. ಒಮ್ಮೆ ಬೋಗುಣಿ ನೋಡಿದ, ಒಮ್ಮೆ ಬಾಜೂ ಮನೆಯ ಕಿಟಕಿ ನೋಡಿದ. ದನಿ ತಗ್ಗಿಸಿ, "ಯವ್ವಾ, ಕೊರಳಾಗ ಲಿಂಗಾ ಕಟಗೊಂಡಾಕಿ ನೀ, ತತ್ತಿ ಕುದಸ್ತೀಯಲ್ಲಾ!" ಅಂದ.

"ಲಿಂಗ ಇರೂದು ನನ್ನ ಕೊರಳಾಗೋ," ಅಂದೆ. "ಅದರ ಕೊರಳಾಗ ಇರೂದು ನೀ ಕಟ್ಟಿದ ಬೆಲ್ಟು."