ಭಾವನ ಎಡಗೈ ಮತ್ತು ಆರು ವಾರ

ನಮ್ಮ ಭಾವ ಗೋಡೆಗೆ ಬಣ್ಣ ಹೊಡೆಯುವವನು. ಮೊದಲ ಕೋಟು ಪೂರ್ತಿ ಒಣಗುವವರೆಗೆ ಎರಡನೆಯದಕ್ಕೆ ಬ್ರಷ್ ಎತ್ತುವುದಿಲ್ಲ. ಮನೆಯವರು ಎಷ್ಟೇ ಗೋಗರೆದರೂ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, "ಅವಸರ ಮಾಡಿದ್ರೆ ಸಿಪ್ಪೆ ಏಳುತ್ತೆ" ಎನ್ನುತ್ತಾನೆ. ಇಂಥ ಮನುಷ್ಯ ತನ್ನ ಕೈ ವಿಷಯದಲ್ಲಿ ಮಾಡಿಕೊಂಡ ಎಡವಟ್ಟನ್ನು ನಾದಿನಿಯಾದ ನಾನು ಹೇಳದಿದ್ದರೆ ಇನ್ಯಾರು ಹೇಳಬೇಕು?

ಹತ್ತೊಂಬತ್ತನೇ ವಯಸ್ಸಿನಲ್ಲಿ, ತನ್ನ ಅಪ್ಪನ ಜೊತೆ ಜಗಳವಾಡಿ ಮನೆ ಬಿಟ್ಟ ವಾರ, ಅವನು ಎಡಗೈ ಒಳಭಾಗದಲ್ಲಿ ದಪ್ಪಕ್ಷರದ ಹಚ್ಚೆ ಹಾಕಿಸಿಕೊಂಡಿದ್ದ: 'ಯಾರನ್ನೂ ನಂಬಬೇಡ'. ಅಪ್ಪನ ಜೊತೆ ರಾಜಿಯಾಗಿ ಎಷ್ಟೋ ವರ್ಷವಾಯಿತು, ಅಕ್ಷರ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಅಕ್ಕ ಬಸುರಿ ಎಂದು ತಿಳಿದ ದಿನ ಭಾವ ದಿಂಬೊಂದನ್ನು ಮಗುವಿನ ಹಾಗೆ ಎಡತೋಳಿನಲ್ಲಿ ಹಿಡಿದು ನೋಡಿದ. ತಲೆ ಬರುವ ಜಾಗ ಸರಿಯಾಗಿ ಆ ಅಕ್ಷರಗಳ ಮೇಲೆಯೇ ಇತ್ತು.

"ನನ್ನ ಮಗು ಇದರ ಮೇಲೆ ಮಲಗೋದು ಬೇಡ," ಎಂದ.

"ಬಲಗೈಲಿ ಎತ್ಕೋ ಭಾವ," ಎಂದೆ. ಮರುದಿನವೇ ಹಚ್ಚೆ ಅಳಿಸಲು ನನ್ನನ್ನೂ ಎಳೆದುಕೊಂಡು ಕ್ಲಿನಿಕ್ಕಿಗೆ ಹೊರಟ.

ಕ್ಲಿನಿಕ್ಕಿನ ನರ್ಸ್ ಲೆಕ್ಕ ಹೇಳಿದಳು: ಐದು ಸಲ ಲೇಸರ್, ಸಲಕ್ಕೂ ಸಲಕ್ಕೂ ಆರು ವಾರದ ಅಂತರ.

"ದಿನಾ ಬರ್ತೀನಿ, ಬೇಗ ಮುಗಿಸಿ."

"ಲೇಸರ್ ಶಾಯಿನ ಪುಡಿ ಮಾಡುತ್ತೆ ಅಷ್ಟೇ. ಆ ಪುಡಿನ ಹೊರಗೆ ಹಾಕೋದು ನಿಮ್ಮ ಮೈ. ಅದಕ್ಕೆ ಟೈಮ್ ಬೇಕು."

ಹೆರಿಗೆಗೆ ಇನ್ನೂ ಮೂವತ್ತು ವಾರವಿತ್ತು, ಲೇಸರ್ ಇಪ್ಪತ್ನಾಲ್ಕಕ್ಕೇ ಮುಗಿಯುತ್ತಿತ್ತು. ಭಾವ ಕುಣಿದಾಡಿಬಿಟ್ಟ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಐದು ತಾರೀಕಿಗೆ ಹಸಿರು ಪೇಂಟಿನ ಚುಕ್ಕೆ ಇಟ್ಟ, ಮಗುವಿನ ದಿನಕ್ಕೆ ಹಳದಿ.

ಎರಡನೇ ಸಲಕ್ಕೆ ಅಕ್ಷರಗಳು ಬೂದು ಬಣ್ಣಕ್ಕೆ ತಿರುಗಿದವು. ನಮ್ಮ ಯಾರ ಕಾಲೂ ನೆಲದ ಮೇಲೆ ನಿಲ್ಲಲಿಲ್ಲ. ಕೈಮೇಲೆ ತೆಳುವಾಗಿ ಹಕ್ಕಳೆ ಕಟ್ಟಿತ್ತು. ಎರಡು ಕೋಟಿನ ನಡುವೆ ಗೋಡೆ ಉಜ್ಜುವುದು ಬಣ್ಣದವರ ರೂಢಿ. ಮಹಾರಾಯ ಬಚ್ಚಲಿಗೆ ಹೋಗಿ, ತನ್ನಲ್ಲಿದ್ದ ಅತಿ ನಯವಾದ ಉಪ್ಪುಕಾಗದದಿಂದ ಹಕ್ಕಳೆಯನ್ನು ಉಜ್ಜಿಕೊಂಡ. ಸಂಜೆಗೆ ಕೈ ಊದಿ ಕೆಂಪಾಯಿತು.

"ಉಪ್ಪುಕಾಗದದಲ್ಲಾ?" ಎಂದು ನರ್ಸ್ ಎರಡು ಸಲ ಕೇಳಿದಳು. ಆಮೇಲೆ ಮೂರನೇ ಸಲವನ್ನು ಎರಡು ತಿಂಗಳು ಮುಂದೂಡಿ, ಅಂತರವನ್ನೂ ಎಂಟು ವಾರ ಮಾಡಿದಳು. ಕೊನೆಯ ಹಸಿರು ಚುಕ್ಕೆ ಹಳದಿಯನ್ನು ದಾಟಿ ಹೋಯಿತು. ನನಗೆ ಮೈಯೆಲ್ಲ ಉರಿದು, ಬಾಯಿಗೆ ಬಂದ ಹಾಗೆ ಬೈದೆ. ಅಕ್ಕ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಾಲ್ಕನೇ ಸಲದ ದಿನ ಬೆಳಿಗ್ಗೆ ಭಾವ ಕ್ಲಿನಿಕ್ಕಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದ. ಅಕ್ಕ ಬಾಗಿಲ ಚೌಕಟ್ಟು ಹಿಡಿದು, "ಇವತ್ತೇ ಅನ್ಸುತ್ತೆ" ಎಂದಳು. ಇನ್ನೂ ಎರಡು ವಾರವಿತ್ತು. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು. ಖುಷಿ ತಡೆಯಲಾರದೆ ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಗುರುತಿಲ್ಲದವರನ್ನೂ ತಬ್ಬಿಕೊಂಡೆ.

ಮಗುವನ್ನು ಕೊಡಲು ಬಂದಾಗ ಭಾವ ಅಂಗಿಯ ತೋಳನ್ನು ಗಡಿಬಿಡಿಯಲ್ಲಿ ಕೆಳಕ್ಕೆಳೆದ. ಅಕ್ಕ ಮಲಗಿದ್ದಲ್ಲಿಂದಲೇ ಕೈಚಾಚಿ ಅದನ್ನು ಮತ್ತೆ ಮೊಣಕೈವರೆಗೆ ಮಡಚಿದಳು.

"ಬರೀ ಕೈಲಿ ಹಿಡ್ಕೊಳ್ಳಿ."

ಮಗು ಆ ಬೂದು ಅಕ್ಷರಗಳ ಮೇಲೆ ಕೆನ್ನೆಯಿಟ್ಟು, ಆಕಳಿಸಿ, ನಿದ್ದೆಹೋಯಿತು.

ಅಷ್ಟರಲ್ಲಿ ಅವನ ಜೇಬಿನ ಫೋನ್ ಹೊಡೆದುಕೊಂಡಿತು. ನಾನೇ ತೆಗೆದು ಅವನ ಕಿವಿಗೆ ಹಿಡಿದೆ. ಯಾಕೆ ಬರಲಿಲ್ಲ ಎಂದು ಕ್ಲಿನಿಕ್ಕಿನ ನರ್ಸ್ ಕೇಳುತ್ತಿದ್ದಳು. ನಾಳೆ ಬಂದರೂ ಆಗುತ್ತದಂತೆ.

"ನಾಳೆ ಆಗಲ್ಲ ಸಿಸ್ಟರ್," ಎಂದು ಭಾವ ಕೈ ಅಲುಗಿಸದೆ ಪಿಸುಗುಟ್ಟಿದ. "ಮಗು ಮಲಗಿದೆ."